ಬೊರ್ರಾ ಗುಹೆ: ಹೊರಡುವವರು, ಹೋಗಿ ಬಂದವರು ಕೇಳುವ ಪ್ರಶ್ನೆಗಳು

ಬೊರ್ರಾಕ್ಕೆ ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ನಲವತ್ತು ನಿಮಿಷದಲ್ಲಿ ಹೊರಗೆ ಬಂದು "ಇಷ್ಟೇನಾ?" ಅಂದಿದ್ದೆ. ಆಮೇಲೆ ಎರಡು ಸಲ ಹೋಗಿದ್ದು ಆ ಮಾತಿನ ನಾಚಿಕೆಗೇ ಅನ್ನಬೇಕು. ಯಾರಾದರೂ ಅರಕು ಕಡೆ ಹೊರಟರೆ ಸಾಕು, ಈ ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತವೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಲ್ಲಿನ ಒಳಗುಟ್ಟು ಕೊನೆಗೆ.

## ಹೊರಡುವ ಮೊದಲು

ಒಬ್ಬರು ವೈಜಾಗ್ ಅಂತಾರೆ, ಒಬ್ಬರು ಅರಕು ಅಂತಾರೆ. ಗುಹೆ ಇರೋದು ಎಲ್ಲಿ?

ಎರಡರ ನಡುವೆ. ಆಂಧ್ರದ ಪೂರ್ವಘಟ್ಟದಲ್ಲಿ ಅನಂತಗಿರಿ ಬೆಟ್ಟಗಳಿವೆ. ವಿಶಾಖಪಟ್ಟಣದಿಂದ (ವೈಜಾಗ್ ಅಂದರೂ ಇದೇ) ಸುಮಾರು 90 ಕಿ.ಮೀ. ಅಲ್ಲಿ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ ಈ ಗುಹೆ ಇದೆ. ಅರಕು ಊರು ಇನ್ನೂ ಮುಂದೆ, ಇನ್ನೂ ಮೇಲೆ. ಹಳೆಯ ಪುಸ್ತಕಗಳಲ್ಲಿ ವಿಶಾಖಪಟ್ಟಣ ಜಿಲ್ಲೆ ಅಂತಲೇ ಇರುತ್ತದೆ. 2022ರಲ್ಲಿ ಜಿಲ್ಲೆಗಳನ್ನು ಒಡೆದ ಮೇಲೆ ಇದು ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿತು. ಬೋರ್ಡಿನಲ್ಲಿ "ಬೊರ್ರಾ ಗುಹಲು" ಅಂತ ಕಂಡರೆ ಗಾಬರಿ ಬೇಡ. ತೆಲುಗಿನಲ್ಲಿ ಗುಹಲು ಅಂದರೆ ಗುಹೆಗಳು.

ರೈಲಲ್ಲಿ ಹೋಗೋದು ಒಳ್ಳೆಯದಾ, ಕಾರಲ್ಲಾ?

ಹೋಗುವಾಗ ರೈಲು, ಬರುವಾಗ ಕಾರು. ಇದು ನನ್ನ ಲೆಕ್ಕ.

ವಿಶಾಖಪಟ್ಟಣದಿಂದ ಛತ್ತೀಸ್‌ಗಢದ ಕಿರಂದೂಲ್‌ಗೆ ಹೋಗುವ ಪ್ಯಾಸೆಂಜರ್ ರೈಲು ಬೆಳಗ್ಗೆ ಹೊರಡುತ್ತದೆ. ಈ ಹಳಿಯನ್ನು 1960ರ ದಶಕದಲ್ಲಿ ಹಾಕಿದ್ದು ನಮ್ಮಂಥ ಪ್ರವಾಸಿಗಳಿಗಲ್ಲ. ಬೈಲಾಡಿಲ ಬೆಟ್ಟದ ಕಬ್ಬಿಣದ ಅದಿರನ್ನು ಬಂದರಿಗೆ ಇಳಿಸಲು ಹಾಕಿದ್ದು. ಈಗಲೂ ಎದುರು ಬರುವುದು ಬಹುತೇಕ ಅದಿರಿನ ಗಾಡಿಗಳೇ. ಶಿವಲಿಂಗಪುರಂ ದಾಟಿದ ಮೇಲೆ ಏರು ಶುರು. ಒಂದು ಸುರಂಗ ಮುಗಿಯುವಷ್ಟರಲ್ಲಿ ಇನ್ನೊಂದು. ಅರಕು ಮುಟ್ಟುವಷ್ಟರಲ್ಲಿ ಐವತ್ತಕ್ಕೂ ಜಾಸ್ತಿ. ಪ್ರತಿ ಸುರಂಗದಲ್ಲೂ ಬೋಗಿಯ ಹುಡುಗರೆಲ್ಲ ಕೂಗುತ್ತಾರೆ. ಹತ್ತನೆಯ ಸುರಂಗದ ಹೊತ್ತಿಗೆ ದೊಡ್ಡವರೂ ಸೇರಿಕೊಳ್ಳುತ್ತಾರೆ.

ಗುಹೆಗೇ ಅಂತ ಒಂದು ಸ್ಟೇಷನ್ ಇದೆ, ಬೊರ್ರಾ ಗುಹಲು. ಅರಕುವಿಗಿಂತ ಮೊದಲೇ ಬರುತ್ತದೆ. ನಿದ್ದೆ ಹೋದರೆ ಸೀದಾ ಅರಕು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ 2017ರಿಂದ ಇದೆ. ಅದರ ಸೀಟು ಬೇಗ ಮುಗಿಯುತ್ತದೆ. ಸಿಗದಿದ್ದರೆ ಬೇಜಾರು ಬೇಡ, ಸಾಮಾನ್ಯ ಬೋಗಿಯ ಕಿಟಕಿಯಲ್ಲಿ ಗಾಳಿಯಾದರೂ ಬರುತ್ತದೆ.

ಕಾರಿನಲ್ಲಿ ಹೋಗುವುದಾದರೆ ಚಾಲಕರಿಗೆ ಮೊದಲೇ ಹೇಳಿಬಿಡಿ: ಮೊದಲು ಗುಹೆ, ಆಮೇಲೆ ಉಳಿದಿದ್ದು. ಎರಡನೇ ಸಲ ನಮ್ಮನ್ನು ಕರೆದುಕೊಂಡು ಹೋದವರು ದಾರಿಯ ಮೂರು ಅಂಗಡಿಗಳ ಮುಂದೆ "ಐದೇ ನಿಮಿಷ ಸರ್" ಅಂತ ನಿಲ್ಲಿಸಿದರು. ಗುಹೆ ಮುಟ್ಟುವಾಗ ಸರಿಯಾಗಿ ಮಧ್ಯಾಹ್ನದ ಬಿಡುವು. ಗೇಟಿನ ಮುಂದೆ ಕಡಲೆಕಾಯಿ ತಿನ್ನುತ್ತ ಕೂತೆವು.

ಬೆಂಗಳೂರಿಂದ ಎಷ್ಟು ದಿನ ಇಟ್ಟುಕೊಳ್ಳಬೇಕು?

ವಿಮಾನದಲ್ಲಿ ವೈಜಾಗ್ ತಲುಪುವುದಾದರೆ ಮೂರು ದಿನ ಸಾಕು. ಒಂದು ದಿನ ಊರು ಮತ್ತು ಸಮುದ್ರ, ಒಂದು ದಿನ ಬೊರ್ರಾ ಮತ್ತು ಅರಕು, ಅರಕುವಿನಲ್ಲೇ ಒಂದು ರಾತ್ರಿ. ಒಂದೇ ದಿನದಲ್ಲಿ ವೈಜಾಗಿನಿಂದ ಹೋಗಿಬರುವವರೇ ಜಾಸ್ತಿ. ಆಗುತ್ತದೆ, ಆದರೆ ಗುಹೆ ಆ ಓಟದ ನಡುವಿನ ಒಂದು ನಿಲ್ದಾಣ ಅಷ್ಟೇ ಆಗಿಬಿಡುತ್ತದೆ.

ಯಾವ ತಿಂಗಳು ಒಳ್ಳೆಯದು?

ಎಲ್ಲರೂ ಹೇಳುವುದು ನವೆಂಬರ್‌ನಿಂದ ಜನವರಿ. ಹವೆ ತಂಪು. ನವೆಂಬರ್ ಸುಮಾರಿಗೆ ಅರಕು ಕಣಿವೆಯ ಹುಚ್ಚೆಳ್ಳಿನ ಹೊಲಗಳೆಲ್ಲ ಹಳದಿ ಹೂ ಬಿಟ್ಟಿರುತ್ತವೆ. ಜನವೂ ಆಗಲೇ. ಸಂಕ್ರಾಂತಿ ರಜೆಯಲ್ಲಿ ಹೋದರೆ ಗುಹೆಯಲ್ಲಿ ನಿಮಗೆ ಕಾಣುವುದು ಮುಂದಿನವರ ಬೆನ್ನು.

ನನಗೆ ಇಷ್ಟವಾದದ್ದು ಮಳೆ ಹಿಂದೆ ಸರಿದ ಹೊತ್ತು, ಸೆಪ್ಟೆಂಬರ್ ಕೊನೆ. ಬೆಟ್ಟ ಇನ್ನೂ ನೀರು ಹಿಡಿದಿರುತ್ತದೆ, ಗುಹೆಯ ಚಾವಣಿ ಎಲ್ಲ ಕಡೆ ಹನಿಯುತ್ತಿರುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ಒಣಗಿ ಮಂಕಾಗಿರುತ್ತದೆ. ಆದರೆ ಜೋರು ಮಳೆ ಹಿಡಿದಿರುವಾಗ ಬೇಡ. ಘಾಟಿ ರಸ್ತೆಯ ಮೇಲೂ ಹಳಿಯ ಮೇಲೂ ಬಂಡೆ ಉರುಳುವುದು ಅಲ್ಲಿ ಹೊಸದೇನಲ್ಲ.

ಅಮ್ಮನಿಗೆ ಮಂಡಿ ನೋವು. ಕರ್ಕೊಂಡು ಹೋಗಬಹುದಾ?

ಕರೆದುಕೊಂಡು ಹೋಗಿ, ಆದರೆ ಪೂರ್ತಿ ತೋರಿಸುವ ಹಟ ಬೇಡ. ಒಳಗೆ ಮೆಟ್ಟಿಲು ನೂರಾರಿವೆ, ಕೆಲವು ಕಡೆ ಕಡಿದು, ಕೆಲವು ಕಡೆ ಒದ್ದೆ. ಇಳಿಯುವಾಗ ಗೊತ್ತಾಗುವುದಿಲ್ಲ, ಹತ್ತುವಾಗ ಮಂಡಿ ಲೆಕ್ಕ ಕೇಳುತ್ತದೆ. ಒಳ್ಳೆಯ ಸುದ್ದಿ ಅಂದರೆ, ಗುಹೆಯ ದೊಡ್ಡ ಬಾಯಿ ಮತ್ತು ಮೊದಲ ಹಜಾರ ನೋಡಲು ಸ್ವಲ್ಪ ಇಳಿದರೆ ಸಾಕು. ಆ ಹಜಾರವೇ ಅರ್ಧ ಬೊರ್ರಾ. ಒಳಗೆ ಜನ ಪೂಜಿಸುವ ಶಿವಲಿಂಗವೊಂದಿದೆ, ಅದರ ಹತ್ತಿರದ ಮೆಟ್ಟಿಲು ಮಾತ್ರ ತುಂಬಾ ಕಡಿದು. ಅಲ್ಲಿ ಕೆಳಗೇ ನಿಂತು ಕೈ ಮುಗಿಯುವ ಹಿರಿಯರು ಬೇಕಾದಷ್ಟು ಜನ ಇರುತ್ತಾರೆ.

ಇಕ್ಕಟ್ಟು ಜಾಗ ಅಂದ್ರೆ ನನಗೆ ಉಸಿರು ಕಟ್ಟುತ್ತೆ. ಒಳಗೆ ತೆವಳಬೇಕಾ?

ಇಲ್ಲ. ಬೊರ್ರಾ ಅಗಲವಾದ ಗುಹೆ. ಚಾವಣಿಯಲ್ಲಿ ಒಂದು ಕಡೆ ತೂತು ಇದೆ, ಅಲ್ಲಿಂದ ಹಗಲ ಬೆಳಕು ಬೀಳುತ್ತದೆ. ತೀರಾ ಒಳಗಿನ ಮೂಲೆಗಳು ಇಕ್ಕಟ್ಟು, ಅಲ್ಲಿಗೆ ಹೋಗಲೇಬೇಕು ಅಂತಿಲ್ಲ. ಉಸಿರು ಕಟ್ಟಿದ ಹಾಗೆ ಅನ್ನಿಸುವುದು ಸಾಮಾನ್ಯವಾಗಿ ಜನಜಂಗುಳಿಯಿಂದ. ಬೆಳಗ್ಗೆ ಗೇಟು ತೆರೆದ ಕೂಡಲೇ ಹೋಗಿ.

ಏನೇನು ತಗೊಂಡು ಹೋಗಬೇಕು?

ಹಿಡಿತ ಇರುವ ಶೂ, ಅಷ್ಟೇ ಮುಖ್ಯ. ಸವೆದ ಚಪ್ಪಲಿಯಲ್ಲಿ ನಾನು ಮೂರು ಮೆಟ್ಟಿಲು ಕೂತುಕೊಂಡೇ ಇಳಿದಿದ್ದೇನೆ. ಹಿಂದೆ ಬರುತ್ತಿದ್ದ ಒಬ್ಬ ಅಜ್ಜಿ "ಮೆಲ್ಲಗಾ ಬಾಬು" ಅಂದರು, ಅವರು ಬರಿಗಾಲಲ್ಲಿದ್ದರು. ಒಂದು ಸಣ್ಣ ಟಾರ್ಚ್ ಇರಲಿ. ದೀಪಗಳಿವೆ, ಆದರೆ ಕರೆಂಟನ್ನು ನಂಬಿ ನೆಲದೊಳಕ್ಕೆ ಇಳಿಯಬಾರದು. ಫೋನಿನ ಬೆಳಕಿಗೆ ಇನ್ನೊಂದು ಕೈ ಬೇಕು, ಆ ಕೈ ಕಂಬಿ ಹಿಡಿಯಲು ಬೇಕು. ತಿಂಡಿಯ ಚೀಲ ಮಾತ್ರ ಕೈಯಲ್ಲಿ ತೂಗಾಡಿಸಬೇಡಿ, ಹೊರಗಿನ ಕೋತಿಗಳು ನಿಮಗಿಂತ ಚುರುಕು.

## ಒಳಗೆ ಹೋದ ಮೇಲೆ

ಗೈಡ್ ತಗೊಳ್ಳಬೇಕಾ?

ಒಂದು ಸಲ ತಗೊಳ್ಳಿ. ಅವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಯವರು, ಗುಹೆ ಅವರ ಮನೆಯ ಹಿತ್ತಿಲಿದ್ದ ಹಾಗೆ. ಟಾರ್ಚಿನ ಬೆಳಕನ್ನು ಒಂದು ಕಲ್ಲಿನ ಮೇಲೆ ಆಡಿಸಿ "ಇದು ಶಿವ ಪಾರ್ವತಿ, ಇದು ಮೊಸಳೆ, ಇದು ಋಷಿಯ ಗಡ್ಡ, ಇದು ಅಣಬೆ, ಇದು ಮನುಷ್ಯನ ಮೆದುಳು" ಅಂತ ತೋರಿಸುತ್ತಾ ಹೋಗುತ್ತಾರೆ. ಅರ್ಧ ನಿಮಗೂ ಕಾಣುತ್ತದೆ, ಇನ್ನರ್ಧಕ್ಕೆ ಹೂಂ ಅನ್ನಬೇಕು. ಆಮೇಲೆ ಅವರನ್ನು ಕಳಿಸಿ, ಇನ್ನೊಂದು ಸುತ್ತು ಸುಮ್ನೆ ನೀವೇ ನಡೆಯಿರಿ.

ಆ ಹಸುವಿನ ಕಥೆ ಏನು?

ಬೆಟ್ಟದ ಮೇಲೆ ಮೇಯುತ್ತಿದ್ದ ಹಸು ಒಂದು ಗುಹೆಯ ಚಾವಣಿಯ ತೂತಿನಿಂದ ಕೆಳಗೆ ಬಿತ್ತಂತೆ. ದನಗಾಹಿ ಹುಡುಕುತ್ತ ಇಳಿದು ಬಂದ. ನೋಡಿದರೆ ಹಸು ಬದುಕಿದೆ, ಹತ್ತಿರದಲ್ಲೇ ಲಿಂಗದ ಆಕಾರದ ಕಲ್ಲು. ಕಾಪಾಡಿದ್ದು ಶಿವನೇ ಅಂತ ಊರವರು ಅಲ್ಲಿ ಪೂಜೆ ಶುರು ಮಾಡಿದರು. ಲಿಂಗದ ಮೇಲ್ಗಡೆ ಹಸುವಿನಂತೆ ಕಾಣುವ ಕಲ್ಲೊಂದಿದೆ. ಗುಹೆಯ ಕೆಳಗೆ ಹರಿಯುವ ಹೊಳೆಯ ಹೆಸರು ಗೋಸ್ತನಿ, ಅಂದರೆ ಹಸುವಿನ ಕೆಚ್ಚಲು. ಆ ನೀರು ಇಲ್ಲಿಂದ ಬೆಟ್ಟ ಇಳಿದು ಭೀಮಿಲಿ ಹತ್ತಿರ ಸಮುದ್ರ ಸೇರುತ್ತದೆ.

ಲಿಂಗ ಅನ್ನುವುದು ನೆಲದಿಂದ ಬೆಳೆದ ಸುಣ್ಣದ ಕಲ್ಲೇ, ಮೇಲಿಂದ ಹನಿ ಬಿದ್ದು ಆದದ್ದು. ಅಭಿಷೇಕ ತನ್ನಷ್ಟಕ್ಕೆ ನಡೆಯುತ್ತಿರುವ ಲಿಂಗ ಇದು. ಶಿವರಾತ್ರಿಗೆ ಸುತ್ತಲ ಹಳ್ಳಿಗಳ ಜನ ಇಲ್ಲಿ ಸೇರುತ್ತಾರೆ. ಕಥೆ ನಿಜವಾ ಅಂತ ಕೇಳುವವರಿದ್ದಾರೆ. ಚಾವಣಿಯ ತೂತಂತೂ ನಿಜ, ಹಸು ಬೀಳುವಷ್ಟು ದೊಡ್ಡದೇ.

ಕಲ್ಲು ಮುಟ್ಟಬೇಡಿ ಅಂತಾರಲ್ಲ. ಕಲ್ಲಿಗೆ ಏನಾಗುತ್ತೆ?

ಎಣ್ಣೆ ಹಚ್ಚಿದ ಕಾವಲಿಯ ಮೇಲೆ ನೀರು ಚಿಮುಕಿಸಿ ನೋಡಿದ್ದೀರಲ್ಲ? ಹರಡುವುದಿಲ್ಲ, ಗುಂಡಾಗಿ ಜಾರಿ ಹೋಗುತ್ತದೆ. ನಮ್ಮ ಬೆರಳಲ್ಲಿ ಸದಾ ಒಂದಿಷ್ಟು ಜಿಡ್ಡು ಇರುತ್ತದೆ. ಅದು ಕಲ್ಲಿಗೆ ಹತ್ತಿದರೆ ನೀರು ತೆಳ್ಳಗೆ ಹರಡಿ ಸುಣ್ಣ ಬಿಡುವ ಕೆಲಸ ಕೆಡುತ್ತದೆ. ಒಬ್ಬರು ಮುಟ್ಟಿದರೆ ದೊಡ್ಡದೇನಲ್ಲ. ಆದರೆ ಎಟುಕುವ ಎತ್ತರದ ಕಲ್ಲನ್ನು ಎಲ್ಲರೂ ಮುಟ್ಟುತ್ತಾರೆ. ಬೊರ್ರಾದಲ್ಲೇ ನೋಡಿ: ದಾರಿಯ ಪಕ್ಕದ ಉಬ್ಬುಗಳು ಎದೆಯ ಮಟ್ಟದವರೆಗೆ ಕಪ್ಪಾಗಿ, ಹಳೆಯ ಮನೆಯ ಕಂಬದ ಹಾಗೆ ನುಣುಪಾಗಿವೆ. ಅದಕ್ಕಿಂತ ಮೇಲೆ ಕಲ್ಲು ತನ್ನ ಬಣ್ಣದಲ್ಲೇ ಇದೆ. ಮನುಷ್ಯನ ಕೈ ಎಲ್ಲಿಯವರೆಗೆ ಹೋಗುತ್ತದೆ ಅಂತ ಗೆರೆ ಎಳೆದ ಹಾಗೆ.

ತುದಿ ಮುರಿದು ಜೇಬಿಗೆ ಹಾಕಿಕೊಳ್ಳುವವರ ಬಗ್ಗೆ ಏನು ಹೇಳಲಿ. ಮನೆಗೆ ತಂದ ಮೇಲೆ ಅದು ಶೋಕೇಸಿನಲ್ಲಿ ಧೂಳು ಹಿಡಿಯುವ ಒಂದು ಮಂಕು ಕಲ್ಲು.

ಬಾವಲಿ ಮೈಮೇಲೆ ಬೀಳಲ್ವಾ?

ಬೀಳುವುದಿಲ್ಲ. ಕತ್ತಲಲ್ಲಿ ತಮ್ಮ ಕೂಗಿನ ಪ್ರತಿಧ್ವನಿ ಕೇಳಿಯೇ ದಾರಿ ಹಿಡಿಯುವ ಪ್ರಾಣಿ ಅದು, ನಿಮ್ಮನ್ನು ಡಿಕ್ಕಿ ಹೊಡೆಯಲು ಕಾರಣವಿಲ್ಲ. ಕೂಗುವುದು, ಫ್ಲ್ಯಾಶ್ ಹೊಡೆಯುವುದು ಬೇಡ. ಹಿಕ್ಕೆ ಬಿದ್ದ ಕಡೆ ಕಂಬಿ ಹಿಡಿದಿದ್ದರೆ ಕೈ ತೊಳೆದೇ ಊಟ ಮಾಡಿ.

ಫೋಟೋ ಚೆನ್ನಾಗಿ ಬರುತ್ತಾ?

ಬಣ್ಣದ ದೀಪಗಳದ್ದು ಬರುತ್ತದೆ, ಗುಹೆಯದ್ದು ಬರುವುದಿಲ್ಲ. ಚಾವಣಿಯ ತೂತಿನಿಂದ ಬಿಸಿಲು ಬೀಳುವ ಜಾಗವೊಂದೇ ಬೇರೆ. ಒಬ್ಬರನ್ನು ದೂರ ನಿಲ್ಲಿಸಿ ತೆಗೆಯಿರಿ, ಎತ್ತರ ಎಷ್ಟು ಅನ್ನುವುದು ಆಗ ತಿಳಿಯುತ್ತದೆ.

ಹೊರಗೆ ಊಟಕ್ಕೆ ಏನು ಸಿಗುತ್ತೆ?

ಬೊಂಗು ಚಿಕನ್. ಹಸಿ ಬಿದಿರಿನ ಅಂಡೆಯೊಳಗೆ ಮಸಾಲೆ ಹಚ್ಚಿದ ಕೋಳಿ ತುಂಬಿ, ಬಾಯಿಗೆ ಎಲೆ ತುರುಕಿ, ಕೆಂಡದ ಮೇಲೆ ತಿರುಗಿಸುತ್ತಾ ಬೇಯಿಸುತ್ತಾರೆ. ಸಸ್ಯಾಹಾರಿಗಳಿಗೆ ಸುಟ್ಟ ಮುಸುಕಿನ ಜೋಳ. ಅನಂತಗಿರಿ ಕಾಫಿ ಬೆಳೆಯುವ ಬೆಟ್ಟ, ಪುಡಿಯನ್ನೂ ಕೊಳ್ಳಬಹುದು. ನಮ್ಮ ಚಿಕ್ಕಮಗಳೂರಿನವರು ಮೂಗು ಮುರಿಯಬಹುದು, ನಾನು ನಡುವೆ ಬರುವುದಿಲ್ಲ.

## ಕಲ್ಲು, ನೀರು, ಕಾಲ

ಬೆಟ್ಟದೊಳಗೆ ಇಷ್ಟು ದೊಡ್ಡ ಪೊಳ್ಳು ಆಗಿದ್ದು ಹೇಗೆ?

ಮಳೆ ನೀರು ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ತೀರಾ ಸಪ್ಪೆ ಸೋಡಾ ಅನ್ನಿ. ಗ್ರಾನೈಟಿಗೆ ಅದು ಲೆಕ್ಕಕ್ಕಿಲ್ಲ. ಸುಣ್ಣದ ಕಲ್ಲನ್ನು ಮಾತ್ರ ಅದು ಕರಗಿಸುತ್ತದೆ. ಮೊದಲು ಬಿರುಕು, ಆಮೇಲೆ ಕಾಲುವೆ, ಆಮೇಲೆ ಹಜಾರ. ಬೊರ್ರಾದಲ್ಲಿ ಗೋಸ್ತನಿಯ ಹರಿವೂ ಸೇರಿಕೊಂಡು ಕೊರೆಯಿತು. ಸುಮಾರು 80 ಮೀಟರ್ ಆಳದವರೆಗೆ ಇಳಿಯುವ ಗುಹೆ ಇದು.

ಕರಗಿಸುವ ನೀರೇ ಮತ್ತೆ ಕಲ್ಲು ಕಟ್ಟೋದು ಹೇಗೆ? ಇದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ಬಚ್ಚಲುಮನೆಯ ಹಂಡೆ ನೆನಪಿಸಿಕೊಳ್ಳಿ. ಗಡಸು ನೀರು ಕಾಸಿ ಕಾಸಿ ತಳದಲ್ಲಿ ಬಿಳಿಯ ಪದರ ಕಟ್ಟುತ್ತದಲ್ಲ, ಕೆರೆದರೂ ಬಾರದ್ದು? ಅದೇ ಇದು. ನೀರು ಬಿಸಿಯಾದಾಗ ಅನಿಲ ಹೊರಗೆ ಹೋಗುತ್ತದೆ. ಅನಿಲ ಹೋದ ನೀರಿಗೆ ಅಷ್ಟು ಸುಣ್ಣವನ್ನು ಹೊತ್ತುಕೊಳ್ಳುವ ಶಕ್ತಿ ಇರುವುದಿಲ್ಲ, ಕೆಳಗೆ ಬಿಡುತ್ತದೆ.

ಗುಹೆಯಲ್ಲಿ ಬೆಂಕಿ ಇಲ್ಲ, ಕೆಲಸ ಮಾತ್ರ ಅದೇ. ಕಲ್ಲಿನ ಸಂದಿಯಲ್ಲಿದ್ದ ನೀರು ಗುಹೆಯ ಗಾಳಿಗೆ ಬಂದ ಕೂಡಲೇ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಅನಿಲ ಹಾರಿಹೋಗುತ್ತದೆ. ನೀರು ಆವಿಯಾಗಿ ಸುಣ್ಣ ಉಳಿಯುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಒಳಗಿನ ಗಾಳಿಯೇ ತೇವದಿಂದ ತುಂಬಿರುವಾಗ ಆವಿಯಾಗುವುದು ಬಹಳ ಕಡಿಮೆ.

ಚಾವಣಿಯಲ್ಲಿ ಹನಿ ನೇತಾಡುವಾಗ ಅದರ ಅಂಚಿಗೆ ಸುಣ್ಣದ ತೆಳು ಉಂಗುರ ಕೂರುತ್ತದೆ. ಉಂಗುರದ ಕೆಳಗೆ ಉಂಗುರ. ಹೀಗೆ ಶುರುವಾಗುವುದು ಒಂದು ಪೊಳ್ಳು ಕೊಳವೆ, ಜ್ಯೂಸ್ ಕುಡಿಯುವ ಸ್ಟ್ರಾದಷ್ಟೇ ದಪ್ಪ. ಕೊಳವೆಯ ಒಳಗೆ ಕಟ್ಟಿಕೊಂಡಾಗ ನೀರು ಹೊರಮೈಯಲ್ಲಿ ಇಳಿದು ದಪ್ಪಗಾಗುತ್ತದೆ. ಇದು ಸ್ಟ್ಯಾಲಕ್ಟೈಟ್. ಬಿದ್ದ ಹನಿ ನೆಲದಲ್ಲಿ ಚಿಮ್ಮಿ ಉಳಿದ ಸುಣ್ಣ ಬಿಟ್ಟರೆ ಸ್ಟ್ಯಾಲಗ್ಮೈಟ್. ನೆಲದ್ದರ ತಲೆ ಮೊಂಡು, ಯಾಕೆಂದರೆ ಹನಿ ಅಪ್ಪಳಿಸುತ್ತಲೇ ಇರುತ್ತದೆ. ಎರಡೂ ಕೂಡಿದರೆ ಕಂಬ.

ಒಂದು ಅಡಿ ಬೆಳೆಯಲು ಎಷ್ಟು ವರ್ಷ?

ಒಂದೇ ಲೆಕ್ಕ ಇಲ್ಲ. ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅನ್ನುವುದು ಒಂದು ಅಂದಾಜು. ಆ ಲೆಕ್ಕದಲ್ಲಿ ಒಂದು ಅಡಿಗೆ ಮೂರು ಸಾವಿರ ವರ್ಷ. ಮಳೆ, ಮೇಲಿನ ಕಾಡು, ಬಿರುಕಿನ ದಾರಿ ಬದಲಾದರೆ ವೇಗ ಬದಲಾಗುತ್ತದೆ. ನೀರಿನ ದಾರಿಯೇ ಮುಚ್ಚಿದರೆ ಬೆಳವಣಿಗೆ ನಿಲ್ಲುತ್ತದೆ. ಒಂದು ಕೈಯಳತೆ ನೋಡಿ ಅದರ ವಯಸ್ಸನ್ನು ಖಡಾಖಂಡಿತ ಹೇಳುವವರನ್ನು ನಂಬಬೇಡಿ.

ಕಲ್ಲಿನ ನಿಜವಾದ ಬಣ್ಣ ಯಾವುದು?

ಹಸಿರು, ನೇರಳೆ, ಕೆಂಪು ಎಲ್ಲ ಬಲ್ಬಿನವು. ನಿಮ್ಮ ಟಾರ್ಚಿನ ಬಿಳಿ ಬೆಳಕು ಹಾಕಿ ನೋಡಿ: ಕೆನೆಬಿಳುಪು, ಕಂದು, ಬೂದಿ. ಕಬ್ಬಿಣ ಸೇರಿದಲ್ಲಿ ಕಿತ್ತಳೆ ಕಂದು. ದೀಪದ ಸುತ್ತ ನಿಜಕ್ಕೂ ಹಸಿರು ಕಂಡರೆ ಅದು ಪಾಚಿ. ಕತ್ತಲಲ್ಲಿ ಹುಟ್ಟಲೇ ಬಾರದಿದ್ದ ಪಾಚಿಗೆ ನಾವೇ ಬಿಸಿಲು ಕೊಟ್ಟಿದ್ದೇವೆ. ಫ್ರಾನ್ಸಿನ ಲಾಸ್ಕೋ ಚಿತ್ರಗುಹೆಯನ್ನು 1963ರಲ್ಲಿ ಪ್ರವಾಸಿಗರಿಗೆ ಮುಚ್ಚಿದ್ದಕ್ಕೆ ಜನರ ಉಸಿರಿನ ಜೊತೆ ಇಂಥ ಪಾಚಿಯೂ ಒಂದು ಕಾರಣ. ನನ್ನನ್ನು ಕೇಳಿದರೆ ಬೊರ್ರಾದ ಬಣ್ಣದ ದೀಪಗಳಲ್ಲಿ ಮುಕ್ಕಾಲು ಪಾಲು ತೆಗೆಯಬಹುದು. ಯಾರೂ ಕೇಳಿಲ್ಲ.

1807ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಕಂಡುಹಿಡಿದರು ಅಂತ ಎಲ್ಲಾ ಕಡೆ ಇದೆ. ಹೌದಾ?

ಎಲ್ಲಾ ಕಡೆ ಇದೆ, ಆದರೆ ಲೆಕ್ಕ ಕೂಡುವುದಿಲ್ಲ. ಆ ಸಂಸ್ಥೆ ಶುರುವಾಗಿದ್ದೇ 1851ರಲ್ಲಿ. ಅದರ ಹೆಸರಾಂತ ವಿಲಿಯಂ ಕಿಂಗ್ ಮುಖ್ಯಸ್ಥರಾಗಿದ್ದು 1887ರಿಂದ 1894ರವರೆಗೆ. 1807ರಲ್ಲಿ ಅವರು ಹುಟ್ಟಿಯೇ ಇರಲಿಲ್ಲ. ಯಾರೋ ಒಬ್ಬರು ಬರೆದ ಇಸವಿ ಬೋರ್ಡಿನಿಂದ ಬೋರ್ಡಿಗೆ ನಡೆದುಕೊಂಡು ಬಂದಿದೆ. ಅದೂ ಅಲ್ಲದೆ, ಹಸುವಿನ ಹಿಂದೆ ಇಳಿದವರ ಕಥೆ ಇರುವ ಊರಿನಲ್ಲಿ "ಕಂಡುಹಿಡಿದರು" ಅನ್ನುವ ಮಾತೇ ಸ್ವಲ್ಪ ತಮಾಷೆ ಅಲ್ವಾ?

ಬೇಲಂ ನೋಡಿದ್ದೇವೆ. ಬೊರ್ರಾ ಬೇರೆ ಥರ ಇದೆಯಾ?

ಪೂರ್ತಿ ಬೇರೆ. ಬೇಲಂ ಆಂಧ್ರದ್ದೇ ಇನ್ನೊಂದು ಗುಹೆ, ಬಯಲಿನಲ್ಲಿದೆ. ಹೊಲದ ನಡುವಿನ ಬಾವಿಗೆ ಇಳಿದ ಹಾಗೆ ಇಳಿದು, ಉದ್ದುದ್ದ ಓಣಿಗಳಲ್ಲಿ ನಡೆಯಬೇಕು. ಗೊತ್ತಿರುವ ಉದ್ದ 3,229 ಮೀಟರ್, ಒಳಗೆ ಸೆಕೆ. ಬೊರ್ರಾ ಉದ್ದಕ್ಕಲ್ಲ, ಎತ್ತರಕ್ಕೆ. ಬೇಲಂನಲ್ಲಿ ನೀರು ಕೊರೆದು ಹೋದ ದಾರಿ ಕಾಣುತ್ತದೆ. ನೀರು ಕಟ್ಟುತ್ತಿರುವುದನ್ನು ನೋಡಬೇಕಾದರೆ ಬೊರ್ರಾ.

ಯಾಣವೂ ಸುಣ್ಣದ ಕಲ್ಲೇ ಅಲ್ವಾ ಅಂತಲೂ ಕೇಳುತ್ತಾರೆ. ಹೌದು, ಆದರೆ ಅಲ್ಲಿ ನೋಡುವುದು ಕಾಡಿನ ಮೇಲೆ ಎದ್ದು ನಿಂತ ಕಪ್ಪು ಬಂಡೆಗಳನ್ನು. ಬೊರ್ರಾದ ಹಾಗೆ ತೊಟ್ಟಿಕ್ಕಿ ಆದ ಲಿಂಗವನ್ನು ಕರ್ನಾಟಕದಲ್ಲೇ ನೋಡಬೇಕಾದರೆ ದಾಂಡೇಲಿ ಹತ್ತಿರದ ಕವಳಾ ಗುಹೆಗೆ ಹೋಗಿ.

ಇದು ಸುಣ್ಣದ ಕಲ್ಲೇ ಅಲ್ಲ, ಅಮೃತಶಿಲೆ ಅಂತ ಭೂವಿಜ್ಞಾನ ಓದಿದ ಸ್ನೇಹಿತ ವಾದ ಮಾಡ್ತಾನೆ.

ಸ್ನೇಹಿತನ ಮಾತಲ್ಲಿ ಹುರುಳಿದೆ. ಪೂರ್ವಘಟ್ಟದ ಈ ಭಾಗದ ಬಂಡೆಗಳು ನೆಲದಾಳದಲ್ಲಿ ಬೆಂದು, ಒತ್ತಿ, ಮಡಚಿಕೊಂಡವು. ಸುತ್ತ ಇರುವುದು ಖೊಂಡಲೈಟ್ ಅನ್ನುವ ಕಲ್ಲು. ನಡುವೆ ಸಿಕ್ಕ ಸುಣ್ಣದ ಕಲ್ಲೂ ಬೆಂದು ದಪ್ಪ ಹರಳಿನ ಬಿಳಿ ಅಮೃತಶಿಲೆಯಾಗಿದೆ. ಎರಡರಲ್ಲೂ ಇರುವುದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ನೀರಿಗೆ ಎರಡೂ ಒಂದೇ. ಹಾಗಾಗಿ ಸುಣ್ಣದ ಗುಹೆ ಅಂದವರೂ ಸೋತಿಲ್ಲ.

ಇಂಥ ಕಲ್ಲು ಅಂದ್ರೆ ಗಣಿಯವರು ಬಿಟ್ಟಿದ್ದು ಹೇಗೆ?

ಸುಲಭವಾಗಿ ಬಿಡಲಿಲ್ಲ. ಬೊರ್ರಾ ಸುತ್ತಲಿನ ಬುಡಕಟ್ಟು ಹಳ್ಳಿಗಳು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದರೆ ಬುಡಕಟ್ಟು ಜನರ ಜಮೀನಿಗೆ ವಿಶೇಷ ರಕ್ಷಣೆ ಇರುವ ಜಾಗ. ಅಲ್ಲಿ ಖಾಸಗಿ ಕಂಪನಿಗಳಿಗೆ ಗಣಿ ಗುತ್ತಿಗೆ ಕೊಟ್ಟಿದ್ದನ್ನು ಸಮತಾ ಎಂಬ ಸಂಸ್ಥೆ ಪ್ರಶ್ನಿಸಿತು. 1997ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಅನುಸೂಚಿತ ಪ್ರದೇಶದಲ್ಲಿ ಸರ್ಕಾರಿ ಜಮೀನನ್ನೂ ಬುಡಕಟ್ಟಿನವರಲ್ಲದವರಿಗೆ ಗುತ್ತಿಗೆ ಕೊಡುವಂತಿಲ್ಲ. ಕಾನೂನು ಓದುವ ಎಲ್ಲರಿಗೂ "ಸಮತಾ ತೀರ್ಪು" ಗೊತ್ತು. ಗುಹೆಗೆ ಬರುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗುಹೆಯ ಬಾಗಿಲಲ್ಲಿ ಇಸವಿ ಬರೆಯುವುದಿದ್ದರೆ 1807ರ ಬದಲು ಇದನ್ನೇ ಬರೆಯಬಹುದಿತ್ತು.

ಕಲ್ಲು ನೋಡಿ ಹಳೆಯ ಕಾಲದ ಮಳೆ ಹೇಳ್ತಾರಂತೆ, ಸಾಧ್ಯವಾ?

ಸಾಧ್ಯ. ನೆಲದಿಂದ ಏಳುವ ಕಲ್ಲನ್ನು ಉದ್ದಕ್ಕೆ ಸೀಳಿದರೆ ಪದರದ ಮೇಲೆ ಪದರ ಕಾಣುತ್ತದೆ. ಯುರೇನಿಯಂ ಮತ್ತು ಥೋರಿಯಂ ಅಳೆದು ಪದರದ ವಯಸ್ಸು ತಿಳಿಯುತ್ತಾರೆ. ಆಮ್ಲಜನಕದ ಹಗುರ ಮತ್ತು ಭಾರದ ಪರಮಾಣುಗಳ ಪಾಲು ನೋಡಿ ಮಳೆಯ ಏರಿಳಿತ ಊಹಿಸುತ್ತಾರೆ. ಮೇಘಾಲಯದ ಮಾವ್‌ಮ್ಲೂ ಗುಹೆಯ ಒಂದು ಕಲ್ಲು ಹೀಗೆ ಸುಮಾರು 4,200 ವರ್ಷಗಳ ಹಿಂದಿನ ದೊಡ್ಡ ಬರಗಾಲದ ಗುರುತು ಕೊಟ್ಟಿತು. 2018ರಲ್ಲಿ ಭೂಮಿಯ ಇತಿಹಾಸದ ಈಗಿನ ಕಾಲಘಟ್ಟಕ್ಕೆ "ಮೇಘಾಲಯನ್" ಅಂತ ಹೆಸರಿಟ್ಟಿದ್ದು ಆ ಕಲ್ಲಿನಿಂದಲೇ.

ಎಲ್ಲಾ ನೋಡಿ ಆಯ್ತು. ಎರಡನೇ ಸಲ ಹೋದ್ರೆ ಏನು ನೋಡೋದು?

ಒಂದೇ ಒಂದು ಹನಿ. ಜನ ಕಡಿಮೆ ಇರುವ ಮೂಲೆಯಲ್ಲಿ ಕೂತು, ತೆಳ್ಳಗಿನ ಕೊಳವೆಯೊಂದನ್ನು ಆರಿಸಿ ತುದಿಗೆ ಟಾರ್ಚ್ ಹಿಡಿಯಿರಿ. ಮೊದಲು ತುದಿ ಬರೀ ಒದ್ದೆ. ಆಮೇಲೆ ಬೆಳಕು ಅಲ್ಲಿ ಸೇರಿ ಒಂದು ಚುಕ್ಕಿಯಾಗುತ್ತದೆ. ಚುಕ್ಕಿ ಉಬ್ಬುತ್ತದೆ, ಸಣ್ಣಗೆ ನಡುಗುತ್ತದೆ, ಕುತ್ತಿಗೆ ಸಣ್ಣದಾಗುತ್ತದೆ, ಕಳಚಿಕೊಳ್ಳುತ್ತದೆ. ಟಪ್ ಅನ್ನುವ ಸದ್ದು ಕೆಳಗಿನಿಂದ ಸ್ವಲ್ಪ ತಡವಾಗಿ ಬರುತ್ತದೆ. ಕಳೆದ ಸಲ ನಾನು ಹಿಡಿದಿದ್ದ ಹನಿಗೂ ಅದರ ಮುಂದಿನದಕ್ಕೂ ನಡುವೆ ಹತ್ತೊಂಬತ್ತು ಸೆಕೆಂಡ್. ಏಳು ಹನಿ ಎಣಿಸುವಷ್ಟರಲ್ಲಿ ಕಾವಲಿನವರು ಸೀಟಿ ಊದಿದರು, ಗೇಟು ಮುಚ್ಚುವ ಹೊತ್ತಾಗಿತ್ತು.